ಸಹಿ ಹಾಕುವ ಮುನ್ನ ನಾಲ್ಕು ಮಾತು

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಬ್ರಹ್ಮಾವರದಿಂದ ಬೈಂದೂರಿನ ವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಒಂದು ಬಗೆಯ ಭರವಸೆ ಕಾಣಿಸಿಕೊಳ್ಳತೊಡಗುತ್ತದೆ. ಮೂವತ್ತೇ ದಿನಗಳಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಮಾತಾಡಿರಿ ಎಂಬ ಭರವಸೆ ಅದು. ಒಂದು ತಲೆಮಾರಿನ ಹಿಂದೆ ಇದು ಪುಸ್ತಕದ ರೂಪದಲ್ಲಿ ಬರುತ್ತಿತ್ತು. ಕಪಿಲ್ ದೇವ್ ಜಾಹೀರಾತು ನೀಡುತ್ತಿದ್ದ ರ್‍ಯಾಪಿಡೆಕ್ಸ್ ಪುಸ್ತಕವನ್ನು ಕೊಂಡು, ಮೊದಲ ಇಪ್ಪತ್ತು ಪುಟ ಓದಿ, ಅಟ್ಟಕ್ಕೆ ಸೇರಿಸಿದ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಲ್ಲ. ಈಗ ಅದೇ ಭರವಸೆ ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತಿದೆ. ಆದರೆ ಹೇಳಿಕೊಡುವ ಮಾತುಗಳು ಮಾತ್ರ ಅಷ್ಟಾಗಿ ಬದಲಾಗಿಲ್ಲ. ಗುಡ್ ಮಾರ್ನಿಂಗ್, ಹೌ ಆರ್ ಯು, ನೈಸ್ ಟು ಮೀಟ್ ಯು, ಹ್ಯಾವ್ ಎ ನೈಸ್ ಡೇ. ಈ ಉಪಚಾರದ ಮಾತುಗಳು ಬೇಡವೆಂದಲ್ಲ. ಆದರೆ ನಮ್ಮ ಜನರಿಗೆ ಇಂಗ್ಲಿಷ್ ಬಾರದೆ ನಷ್ಟವಾದದ್ದು ಯಾರನ್ನೋ ಕಂಡು ಗುಡ್ ಮಾರ್ನಿಂಗ್ ಹೇಳಲಾಗದ್ದಕ್ಕೆ ಅಲ್ಲ ಎಂಬುದನ್ನು ನಾವು ನೆನಪಿಡಬೇಕು.

ಗಂಗೊಳ್ಳಿಯಿಂದಲೋ ಕೋಡಿಯಿಂದಲೋ ಕಂಡ್ಲೂರಿನಿಂದಲೋ ಶಿರೂರಿನಿಂದಲೋ ಗಲ್ಫಿಗೆ ಹೊರಟಿರುವ ಒಬ್ಬ ಯುವಕನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅವನ ಮುಂದೆ ಒಂದು ಒಪ್ಪಂದ ಪತ್ರವಿದೆ. ಒಂದು ಬದಿಯಲ್ಲಿ ಅರಬಿ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಅರಬಿಯ ಅಕ್ಷರಗಳನ್ನು ಅವನು ಓದಬಲ್ಲ, ಏಕೆಂದರೆ ಮದ್ರಸದಲ್ಲಿ ಕಲಿತಿದ್ದಾನೆ. ಅರ್ಥ ಮಾತ್ರ ಗೊತ್ತಿಲ್ಲ. ಇಂಗ್ಲಿಷಿನ ಅಕ್ಷರಗಳನ್ನೂ ಓದಬಲ್ಲ, ಏಕೆಂದರೆ ಶಾಲೆಯಲ್ಲಿ ಕಲಿತಿದ್ದಾನೆ; ಅಲ್ಲಿಯೂ ಅರ್ಥದ ಮಟ್ಟಿಗೆ ಅದೇ ಕಥೆ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಊಟ ವಸತಿ ಯಾರದು, ಮಧ್ಯದಲ್ಲಿ ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದೆಲ್ಲ ಆ ಹಾಳೆಯಲ್ಲಿಯೇ ಇರುತ್ತದೆ. ಎದುರಿಗಿರುವ ಏಜೆಂಟ್ ಸಹಿ ಹಾಕುವ ಜಾಗವನ್ನು ಬೆರಳಿನಿಂದ ತೋರಿಸುತ್ತಾನೆ. ಅವನು ಹಾಕುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಬೇಕಾಗಿದ್ದದ್ದು ಇಂಗ್ಲಿಷ್ ಸಾಹಿತ್ಯವಲ್ಲ, ವ್ಯಾಕರಣವೂ ಅಲ್ಲ. "ಐ ವಾಂಟ್ ಟು ರೀಡ್ ಇಟ್ ಬಿಫೋರ್ ಐ ಸೈನ್" ಎಂಬ ಒಂದು ವಾಕ್ಯ. ಅದರ ಬೆನ್ನಿಗೆ "ಪ್ಲೀಸ್ ಗಿವ್ ಮಿ ಎ ಕಾಪಿ" ಎಂಬ ಇನ್ನೊಂದು.

ಇದು ಕೇವಲ ಕಲ್ಪನೆಯಲ್ಲ ಎಂಬುದಕ್ಕೆ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. 2016ರ ಆರಂಭದಿಂದ ಸಂಯುಕ್ತ ಅರಬ್ ಸಂಸ್ಥಾನವು ವಿದೇಶೀ ಕಾರ್ಮಿಕರಿಗೆ ಕೊಡುವ ಉದ್ಯೋಗ ಪ್ರಸ್ತಾವ ಪತ್ರವು ಅರಬಿ ಮತ್ತು ಇಂಗ್ಲಿಷಿನ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿಯೂ ಇರಬೇಕೆಂಬ ನಿಯಮವನ್ನು ಜಾರಿಗೆ ತಂದಿತು. ಬಹಳ ಒಳ್ಳೆಯ ನಿಯಮ. ಅಂದು ಪ್ರಕಟವಾದ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇತ್ತು, ಉರ್ದು ಇತ್ತು, ಮಲಯಾಳಂ, ತಮಿಳು, ಬಂಗಾಳಿಗಳಿದ್ದವು. ಕನ್ನಡ ಇರಲಿಲ್ಲ. ನವಾಯತಿ, ಬ್ಯಾರಿ, ತುಳುಗಳ ಮಾತಂತೂ ದೂರವೇ ಉಳಿಯಿತು. ನೆರೆಯ ಕೇರಳದ ಕಾರ್ಮಿಕ ತನ್ನ ಭಾಷೆಯಲ್ಲಿ ಓದಿ ಸಹಿ ಹಾಕಬಲ್ಲ. ಉರ್ದು ಬಲ್ಲ ಹೈದರಾಬಾದಿನವನೂ ಹಾಗೆಯೇ. ಕುಂದಾಪುರದ ಕನ್ನಡ ಶಾಲೆಯಲ್ಲಿ ಓದಿದವನಿಗೆ ಉಳಿಯುವುದು ಇಂಗ್ಲಿಷ್ ಒಂದೇ. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗಬೇಕಾದರೆ ನಮ್ಮ ಸರಕಾರದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮ 1983ರ ವಲಸೆ ಕಾನೂನಿನಡಿ ಇದೆ. ಅತಿ ಹೆಚ್ಚು ರಕ್ಷಣೆ ಬೇಕಾದವನು ಕಡಿಮೆ ಓದಿದವನೇ ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಆದರೆ ಅವನ ಬಾಯಿಗೆ ನಾಲ್ಕು ಮಾತು ಕೊಡುವ ಕೆಲಸವನ್ನು ಕಾನೂನು ಮಾಡಲಾರದು.

ಹಾಗಾದರೆ ಶಾಲೆಗಳು ಏನು ಮಾಡಿದವು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ರಾಜ್ಯದ ಭಾಷಾ ರಾಜಕೀಯದ ವಿಚಿತ್ರ ಇತಿಹಾಸ ಎದುರಾಗುತ್ತದೆ. 1994ರಲ್ಲಿ ಒಂದರಿಂದ ನಾಲ್ಕನೆಯ ತರಗತಿಯ ವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಸರಕಾರ ಆದೇಶಿಸಿತು. 2006ರಲ್ಲಿ, ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ರದ್ದುಪಡಿಸಲು ಹೊರಟಿತು. ಮರುವರ್ಷ ಅದೇ ಸರಕಾರ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಆರಂಭಿಸಿತು. 2008ರಲ್ಲಿ ಹೈಕೋರ್ಟು, 2014ರಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಶಾಲೆಗಳ ಮೇಲೆ ಮಾಧ್ಯಮವನ್ನು ಹೇರುವಂತಿಲ್ಲ ಎಂದವು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೇ ತೆರೆದುಕೊಂಡವು. ಈ ಇಪ್ಪತ್ತೈದು ವರ್ಷಗಳ ಉದ್ದಕ್ಕೂ ವೇದಿಕೆಗಳಲ್ಲಿ ಕನ್ನಡದ ಕಹಳೆ ಊದಿದ ಅನೇಕ ನಾಯಕರ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದರೆಂದು ಕೇಳುವುದು ಅಸಭ್ಯವೆನಿಸಬಹುದು. ಆದರೂ ಕೇಳದಿರಲಾಗದು. ಮಾಧ್ಯಮ ಯಾವುದೆಂಬ ಜಗಳದಲ್ಲಿ, ಮಗುವಿಗೆ ಮಾತು ಬಂತೇ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

2007ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆಯಿತು. ಹತ್ತು ವರ್ಷ ಇಂಗ್ಲಿಷ್ ಓದಿತು. ಆ ಹತ್ತು ವರ್ಷಗಳ ಕೊನೆಯಲ್ಲಿ ಬೋರ್ಡಿನ ಪರೀಕ್ಷೆ ಕಾಗದದ ಮೇಲೆಯೇ ನಡೆಯಿತು. ಬಾಯಿ ತೆರೆಯುವ ಅಗತ್ಯವೇ ಬೀಳದ ಪರೀಕ್ಷೆಗೆ ಯಾವ ಶಿಕ್ಷಕರು ತಾನೇ ಬಾಯಿ ತೆರೆಸುತ್ತಾರೆ? ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಾಯಿಸಿ ಪೂರ್ಣ ಅಂಕ ಗಳಿಸಿದ ವಿದ್ಯಾರ್ಥಿ ಬೆಂಗಳೂರಿನ ಸಂದರ್ಶನವೊಂದರಲ್ಲಿ ತನ್ನ ಊರು ಎಲ್ಲಿದೆ ಎಂದು ಹೇಳಲು ತಡವರಿಸುತ್ತಾನೆ. ಇದು ಅವನ ದಡ್ಡತನವಲ್ಲ. ಶಿಕ್ಷಕರ ಮೇಲೆ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲ.

ಭಾಷೆ ಮನುಷ್ಯನಿಗೆ ಒಲಿಯುವ ಬಗೆ ಯಾವುದು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕುಂದಾಪುರದ ಯಾವುದೇ ಮನೆಯ ಮೂರು ವರ್ಷದ ಮಗು "ಹೋಯ್ಕ್" ಎನ್ನುತ್ತದೆ, "ಬರ್ಕ್" ಎನ್ನುತ್ತದೆ. ಅದು ಹೋಗು ಎಂಬ ಧಾತುವಿಗೆ ಬೇಕು ಎಂಬುದು ಸೇರಿ ಸವೆದು ಆದ ರೂಪವೆಂದು ಆ ಮಗುವಿಗೆ ಯಾರೂ ವಿವರಿಸಿಲ್ಲ. ಹೋಗಬೇಕಾದ ಸಂದರ್ಭದಲ್ಲಿ ಅಮ್ಮ ಆಡಿದ ಮಾತನ್ನು ಅದು ಇಡಿಯಾಗಿ ಎತ್ತಿಕೊಂಡಿತು, ಅಂಥದೇ ಸಂದರ್ಭದಲ್ಲಿ ಇಡಿಯಾಗಿಯೇ ಹೊರಹಾಕಿತು. ಬಿಡಿಸಿ ನೋಡುವ ವ್ಯಾಕರಣ ಅದಕ್ಕೆ ಅನಂತರ ಬರುತ್ತದೆ, ಬಾರದಿದ್ದರೂ ಬದುಕು ನಿಲ್ಲುವುದಿಲ್ಲ. ಇಂಗ್ಲಿಷರ ಮಕ್ಕಳೂ ತಮ್ಮ ಭಾಷೆಯನ್ನು ಹೀಗೆಯೇ ಕಲಿಯುತ್ತಾರೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಸಿಂಕ್ಲೇರ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ನಿಜ ಬಳಕೆಯ ಅಪಾರ ಬರಹವನ್ನು ಕಂಪ್ಯೂಟರಿನಲ್ಲಿ ಕಲೆಹಾಕಿ ಒಂದು ನಿಘಂಟನ್ನು ಸಿದ್ಧಪಡಿಸಲಾಯಿತು. ಅದು ಪ್ರಕಟವಾದದ್ದು 1987ರಲ್ಲಿ. ಜನ ಒಂದೊಂದೇ ಪದವನ್ನು ಆಯ್ದು ಜೋಡಿಸುವುದಕ್ಕಿಂತ, ಮೊದಲೇ ಒಟ್ಟಾಗಿರುವ ಪದಗುಚ್ಛಗಳನ್ನು ಇಡಿಯಾಗಿ ಬಳಸುವುದೇ ಹೆಚ್ಚು ಎಂಬುದು ಆ ಕೆಲಸದಿಂದ ಸಿಂಕ್ಲೇರ್ ಕಂಡುಕೊಂಡ ಸತ್ಯ.

ಕನ್ನಡಿಗರಿಗಂತೂ ಈ ದಾರಿ ಹೆಚ್ಚು ಅಗತ್ಯ. ಏಕೆಂದರೆ ಎರಡು ಭಾಷೆಗಳೂ ಲೋಕವನ್ನು ನೋಡುವ ಬಗೆಯೇ ಬೇರೆ. ನಮಗೆ ಹಸಿವಾಗುತ್ತದೆ, ಇಂಗ್ಲಿಷಿನಲ್ಲಿ ನಾವೇ ಹಸಿದವರಾಗಿರುತ್ತೇವೆ. ನಮಗೆ ಭಾಷೆ ಬರುತ್ತದೆ. ಅಲ್ಲಿ ನಾವು ಭಾಷೆಯನ್ನು ಬಲ್ಲೆವು. ನಮಗೆ ಇಬ್ಬರು ಅಣ್ಣಂದಿರಿದ್ದಾರೆ. ಅಲ್ಲಿ ನಾವು ಅಣ್ಣಂದಿರನ್ನು ಹೊಂದಿರುತ್ತೇವೆ. ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿ, ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸುವವನು ಪ್ರತಿ ಸಲವೂ ಈ ಕಂದಕದಲ್ಲಿ ಎಡವುತ್ತಾನೆ. "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಎಂಬುದು, "ಯೆಸ್ಟರ್‌ಡೇ ಓನ್ಲಿ ಐ ಕೇಮ್" ಎಂಬುದು ಹುಟ್ಟುವುದು ಹೀಗೆ. ಬುದ್ಧಿವಂತನೇ ಹೆಚ್ಚು ಎಡವುತ್ತಾನೆ ಎಂಬುದು ವಿಪರ್ಯಾಸ, ಏಕೆಂದರೆ ಅವನು ಹೆಚ್ಚು ಅನುವಾದಿಸುತ್ತಾನೆ. ವಿನಯದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ "ಸ್ವಲ್ಪ ನೀರು ಕೊಡಿ" ಎಂದರೆ ಕ್ರಿಯಾಪದದ ಬಹುವಚನದಲ್ಲಿಯೇ ಗೌರವ ಅಡಗಿದೆ. ಅದನ್ನೇ "ಗಿವ್ ಮಿ ವಾಟರ್" ಎಂದು ತಿರುಗಿಸಿದರೆ ಗೌರವ ದಾರಿಯಲ್ಲಿಯೇ ಉದುರಿಹೋಗಿ ಅಪ್ಪಣೆ ಮಾತ್ರ ಉಳಿಯುತ್ತದೆ. "ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್" ಎಂಬುದನ್ನು ಇಡಿಯಾಗಿ ಕಲಿತವನಿಗೆ ಈ ಅಪಾಯವಿಲ್ಲ. ಒರಟನೆಂದು ಹೆಸರು ಕೆಡಿಸಿಕೊಂಡ ಅನೇಕ ಸಭ್ಯರನ್ನು ಈ ಒಂದು "ಕುಡ್" ಉಳಿಸಬಹುದಿತ್ತು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವಾಕ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿಬಿಟ್ಟರೆ ಭಾಷೆ ಬಂದುಬಿಡುತ್ತದೆಂದು ನಾವು ಹೇಳುತ್ತಿಲ್ಲ. ಬಾಯಿಪಾಠದ ಸುಖ ದುಃಖ ನಮ್ಮ ಮದ್ರಸಗಳಿಗೂ ಗೊತ್ತು, ಸರಕಾರಿ ಶಾಲೆಗಳಿಗೂ ಗೊತ್ತು. ಈ ವಿಚಾರದಲ್ಲಿ ಕರ್ನಾಟಕದ್ದೇ ಆದ, ಜಗತ್ತಿನ ಭಾಷಾ ಶಿಕ್ಷಕರೆಲ್ಲರೂ ಬಲ್ಲ, ಕನ್ನಡಿಗರು ಮಾತ್ರ ಮರೆತ ಒಂದು ಪ್ರಯೋಗವಿದೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ, 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ಹೊರಜಗತ್ತು ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತದೆ. ಅಲ್ಲಿ ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲು ವೇಳಾಪಟ್ಟಿಯನ್ನು ಇಟ್ಟರು, ನಕಾಶೆಯನ್ನು ಇಟ್ಟರು. ಇಂಥ ಊರಿನಿಂದ ಇಷ್ಟು ಗಂಟೆಗೆ ಹೊರಟರೆ ಎಲ್ಲಿ, ಯಾವಾಗ ತಲಪುತ್ತೀರಿ ಎಂಬಂಥ ಪ್ರಶ್ನೆಗೆ ಮಕ್ಕಳು ಇಂಗ್ಲಿಷಿನಲ್ಲಿಯೇ ಉತ್ತರ ಹುಡುಕಬೇಕಾಗಿತ್ತು. ಭಾಷೆಯ ಕಡೆಗಲ್ಲ, ಕೆಲಸದ ಕಡೆಗೆ ಗಮನ ಹೋದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅವರು ಪದಗುಚ್ಛಗಳನ್ನು ಕಂಠಪಾಠ ಮಾಡಿಸಿದವರಲ್ಲ. ಅದನ್ನು ಸಂದೇಹದಿಂದ ನೋಡಿದ ಪಂಥದವರು. ಆದುದರಿಂದಲೇ ಅವರ ಮಾತಿಗೆ ನಾವು ಕಿವಿಗೊಡಬೇಕು. ಸಂದರ್ಭವಿಲ್ಲದೆ ಕಲಿತ ವಾಕ್ಯ ಗಿಳಿಯ ಮಾತು. ವಾಕ್ಯವಿಲ್ಲದೆ ಎದುರಾದ ಸಂದರ್ಭ ಮೂಗನ ಸಂಕಟ. ಎರಡನ್ನೂ ಒಂದೇ ತರಗತಿಯಲ್ಲಿ ಕೂಡಿಸುವುದು ಅಸಾಧ್ಯವೇನಲ್ಲ.

ಬರವಣಿಗೆಯ ಮಾತಿಗೆ ಬಂದರೆ ಸಮಸ್ಯೆ ಬೇರೆ. ಇಲ್ಲಿ ಪದಗುಚ್ಛಗಳ ಕೊರತೆಯಿಲ್ಲ, ಇರುವವು ಹಳಸಿದವು. ನಮ್ಮ ವಿದ್ಯಾವಂತರು ಬರೆಯುವ ಯಾವುದೇ ಇಂಗ್ಲಿಷ್ ಅರ್ಜಿಯನ್ನು ಬಿಡಿಸಿ ನೋಡಿ. "ಐ ಬೆಗ್ ಟು ಸ್ಟೇಟ್" ಎಂದು ಆರಂಭವಾಗಿ, "ಕೈಂಡ್ಲಿ ಡು ದಿ ನೀಡ್‌ಫುಲ್" ಎಂದು ಮುಂದುವರಿದು, "ಯುವರ್ಸ್ ಒಬಿಡಿಯೆಂಟ್ಲಿ" ಎಂದು ಮುಗಿಯುತ್ತದೆ. ಬ್ರಿಟಿಷ್ ಕಲೆಕ್ಟರನ ಮುಂದೆ ಗುಮಾಸ್ತ ಕೈಕಟ್ಟಿ ನಿಂತಿದ್ದ ಕಾಲದ ಮಾತುಗಳು ಇವು. ಕಲೆಕ್ಟರ್ ಹಡಗು ಹತ್ತಿ ಎಂಟು ದಶಕಗಳಾಗುತ್ತ ಬಂದರೂ ನಾವು ಇನ್ನೂ ಭಿಕ್ಷೆ ಬೇಡುತ್ತಲೇ ಇದ್ದೇವೆ, ಇನ್ನೂ ವಿಧೇಯರಾಗಿಯೇ ಉಳಿದಿದ್ದೇವೆ. ಸ್ವತಂತ್ರ ದೇಶದ ಪ್ರಜೆ ತನಗೆ ಸಲ್ಲಬೇಕಾದ ವಿದ್ಯಾರ್ಥಿವೇತನವನ್ನು ಬೇಡಬೇಕಾಗಿಲ್ಲ. ಇದಕ್ಕಿಂತ ದೊಡ್ಡ ದೋಷ ಎರಡನೆಯ ವಾಕ್ಯದ್ದು. ಬೇಕಾದ್ದನ್ನು ಮಾಡಿ ಎಂದರೆ ಏನು ಮಾಡಬೇಕು? ಅರ್ಜಿದಾರನಿಗೇ ಗೊತ್ತಿಲ್ಲದ್ದನ್ನು ಅಧಿಕಾರಿ ಊಹಿಸಬೇಕೆ? "ನಾನು ಇಂಥ ದಿನಾಂಕದಂದು ಅರ್ಜಿ ಸಲ್ಲಿಸಿದ್ದೆ, ಇದುವರೆಗೆ ಉತ್ತರ ಬಂದಿಲ್ಲ, ದಯವಿಟ್ಟು ಕಾರಣವನ್ನು ಲಿಖಿತವಾಗಿ ತಿಳಿಸಿರಿ" ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಬರೆಯಲು ಮೂರು ಸಾಲು ಸಾಕು. "ಐ ಅಪ್ಲೈಡ್ ಆನ್" ಎಂದು ದಿನಾಂಕ, "ಐ ಹ್ಯಾವ್ ನಾಟ್ ರಿಸೀವ್ಡ್ ಎ ರಿಪ್ಲೈ" ಎಂದು ದೂರು, "ಪ್ಲೀಸ್ ಲೆಟ್ ಮಿ ನೋ ದಿ ರೀಸನ್ ಇನ್ ರೈಟಿಂಗ್" ಎಂದು ಬೇಡಿಕೆ. ಈ ಮೂರು ಸಾಲುಗಳಲ್ಲಿ ಒಂದೂ ಕಠಿಣ ಪದವಿಲ್ಲ. ಅರ್ಜಿಗೆ ತೂಕ ಬರುವುದು ದಿನಾಂಕದಿಂದ.

ಇದನ್ನು ಓದುತ್ತಿರುವ ಕೆಲವರಿಗೆ ಒಂದು ಸಂದೇಹ ಬಂದಿರಬಹುದು. ನಮ್ಮದೇ ರಾಜ್ಯದ ಕಚೇರಿಗೆ ಇಂಗ್ಲಿಷಿನಲ್ಲಿ ಏಕೆ ಬರೆಯಬೇಕು? ನ್ಯಾಯವಾದ ಪ್ರಶ್ನೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಸಲ್ಲಿಸಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬ್ಯಾಂಕಿನ ಅರ್ಜಿ ನಮೂನೆಗಳು ಪ್ರಾದೇಶಿಕ ಭಾಷೆಯಲ್ಲಿಯೂ ಲಭ್ಯವಿರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಆದರೂ ಕೌಂಟರಿನ ಹಿಂದಿರುವ ಬೇರೆ ರಾಜ್ಯದ ಯುವಕ ಇಂಗ್ಲಿಷ್ ನಮೂನೆಯನ್ನು ಮುಂದೆ ತಳ್ಳಿದಾಗ, ಗಂಡ ಪರದೇಶದಲ್ಲಿರುವ ಹೆಣ್ಣುಮಗಳೊಬ್ಬಳು ಮೌನವಾಗಿ ಅದನ್ನು ಕೈಗೆತ್ತಿಕೊಂಡು ಬದಿಯಲ್ಲಿ ನಿಂತವರಲ್ಲಿ ತುಂಬಿಸಿಕೊಡಲು ಕೇಳುತ್ತಾಳೆ. ತನ್ನ ಖಾತೆಯ ಸಂಖ್ಯೆಯನ್ನೂ ಉಳಿತಾಯವನ್ನೂ ಅಪರಿಚಿತರ ಕಣ್ಣಿಗೆ ಒಡ್ಡುತ್ತಾಳೆ. "ಡು ಯು ಹ್ಯಾವ್ ದಿಸ್ ಫಾರ್ಮ್ ಇನ್ ಕನ್ನಡ?" ಎಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬಲ್ಲವಳಾದರೆ ಕನ್ನಡದ ಹಕ್ಕೂ ಉಳಿಯುತ್ತದೆ, ಅವಳ ಗುಟ್ಟೂ ಉಳಿಯುತ್ತದೆ. ಕನ್ನಡವನ್ನು ಕಾಯಲು ಒಂದು ಇಂಗ್ಲಿಷ್ ವಾಕ್ಯ ಬೇಕಾಗಿ ಬರುವುದು ನಗು ತರಿಸುವ ಸಂಗತಿಯಾದರೂ ಸತ್ಯ.

ಇಂಗ್ಲಿಷ್ ಕಲಿತರೆ ತಾಯ್ನುಡಿ ಸಾಯುತ್ತದೆ ಎಂಬ ಅಂಜಿಕೆಗೆ ಈ ಮಣ್ಣಿನಲ್ಲಿಯೇ ಉತ್ತರವಿದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಆದರೆ ಓದು ಬಿಡಲಿಲ್ಲ. ಲೋಕದ ಜ್ಞಾನವನ್ನು ಓದಿಕೊಂಡು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ರೂಪದಲ್ಲಿ ಕನ್ನಡದ ಮಕ್ಕಳಿಗೆ ದಾಟಿಸಿದರು. ಬೈಂದೂರು ಸೀಮೆಯ ಮೊಗೇರಿಯಿಂದ ಬಂದ ಗೋಪಾಲಕೃಷ್ಣ ಅಡಿಗರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಕಾವ್ಯದ ದಿಕ್ಕನ್ನು ಬದಲಿಸಿದರು. ಉತ್ತರದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ 1864ರಲ್ಲಿ ಆರಂಭಿಸಿದ ಸಂಘ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತಂದಿತು. ಅಲೀಗಢದ ವಿದ್ಯಾಸಂಸ್ಥೆ ಹುಟ್ಟಿದ್ದು ಅದಾದ ಹನ್ನೊಂದು ವರ್ಷಗಳ ಬಳಿಕ. ಅಂದು ಅವರನ್ನು ವಿರೋಧಿಸಿದವರು ಪ್ರವಾದಿಯವರ(ಸ) ಕಾಲದ ಒಂದು ಘಟನೆಯನ್ನು ನೆನಪಿಸಿಕೊಳ್ಳಬಹುದಾಗಿತ್ತು. ಯಹೂದಿಯರೊಂದಿಗಿನ ಪತ್ರ ವ್ಯವಹಾರಕ್ಕಾಗಿ ಅವರ ಬರಹವನ್ನು ಕಲಿಯುವಂತೆ ಪ್ರವಾದಿಯವರು(ಸ) ಝೈದ್ ಬಿನ್ ಸಾಬಿತ್‌ರಿಗೆ(ರ) ಆದೇಶಿಸಿದರು; ಅವರು ಅರ್ಧ ತಿಂಗಳೊಳಗೆ ಕಲಿತರು. ಮೂವತ್ತು ದಿನಗಳ ಜಾಹೀರಾತಿನವರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಝೈದ್‌ರ(ರ) ಮುಂದೆ ಇದ್ದದ್ದು ಒಂದು ನಿಶ್ಚಿತವಾದ ಕೆಲಸ: ಬಂದ ಪತ್ರವನ್ನು ಓದಬೇಕು, ಹೋಗುವ ಪತ್ರವನ್ನು ಬರೆಯಬೇಕು.

ನಮ್ಮಲ್ಲಿ ಇಂಥ ನಿಶ್ಚಿತ ಕೆಲಸಗಳಿಗೆ ಬರವಿಲ್ಲ. ಬರ ಇರುವುದು ಅದಕ್ಕೆ ತಕ್ಕ ತರಗತಿಗಳಿಗೆ. ಇಂಗ್ಲಿಷ್ ಮಾಧ್ಯಮ ಶಾಲೆಗಳನ್ನು ಕಟ್ಟಲು ಸಮುದಾಯ ಸಾಕಷ್ಟು ಹಣ ಸುರಿದಿದೆ, ಅದು ಶ್ಲಾಘನೀಯ. ಆದರೆ ಶುಲ್ಕ ತೆರಲಾಗದೆ ಆ ಗೇಟಿನ ಹೊರಗೇ ಉಳಿದವರಿಗೆ, ಶಾಲೆಯ ವಯಸ್ಸು ದಾಟಿದವರಿಗೆ, ಮೀನುಗಾರಿಕೆಯ ದೋಣಿಯಲ್ಲಿ ಇರುವವರಿಗೆ, ಬೆಂಗಳೂರು ಮುಂಬಯಿಗಳ ಹೋಟೆಲುಗಳಿಗೆ ಹೊರಡುವ ನೆರೆಮನೆಯ ಹುಡುಗರಿಗೆ ನಾವು ಏನು ಕೊಟ್ಟೆವು? ಹತ್ತಿಪ್ಪತ್ತು ವರ್ಷ ದುಬೈಯಲ್ಲೋ ದಮ್ಮಾಮಿನಲ್ಲೋ ದುಡಿದು ಮರಳಿದವರು ಈ ಮೂರು ತಾಲೂಕುಗಳ ಪ್ರತಿ ಊರಿನಲ್ಲಿಯೂ ಇದ್ದಾರೆ. ಉಗ್ರಾಣದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಯಾವ ಹೊತ್ತಿಗೆ ಯಾವ ಮಾತು ಬೇಕಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಲ್ಲಿ ಆಡುವುದು ಅರ್ಧ ಹಿಂದಿ, ಕಾಲು ಅರಬಿ ಬೆರೆತ ಇಂಗ್ಲಿಷೆಂದು ಅವರೇ ನಕ್ಕಾರು. ತಪ್ಪನ್ನು ತಿದ್ದಲು ಊರಿನ ಒಬ್ಬ ನಿವೃತ್ತ ಶಿಕ್ಷಕಿ ಜೊತೆಗೆ ಕೂತರೆ ಸಾಕು. ಭಾನುವಾರದ ಎರಡು ಗಂಟೆ, ಮಸೀದಿಯ ಸಭಾಂಗಣ ಅಥವಾ ಪಂಚಾಯತಿನ ಗ್ರಂಥಾಲಯ, ಒಂದು ಬಿಳಿ ಹಾಳೆಯ ನೋಟ್ ಪುಸ್ತಕ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ ಬೇಕೆಂದರೆ ಇಡಲಿ. ಆದರೆ ಅವರ ಸರದಿ ಬರುವ ಹೊತ್ತಿಗೆ ದೀಪ ಆರಿಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಬೇಡ.

ನೋಟ್ ಪುಸ್ತಕದ ಒಂದೊಂದು ಪುಟಕ್ಕೆ ಒಂದೊಂದು ಸ್ಥಳದ ಹೆಸರು ಇರಲಿ. ಆಸ್ಪತ್ರೆಯ ಪುಟದಲ್ಲಿ "ಪ್ಲೀಸ್ ರೈಟ್ ಡೌನ್ ದಿ ನೇಮ್ ಆಫ್ ದಿ ಡಿಸೀಸ್" ಎಂಬುದೂ "ವಾಟ್ ಹ್ಯಾಪನ್ಸ್ ಇಫ್ ವಿ ವೇಯ್ಟ್?" ಎಂಬುದೂ ಇರಲಿ. ವಿಮಾನ ನಿಲ್ದಾಣಕ್ಕೊಂದು ಪುಟ, ಸಂದರ್ಶನಕ್ಕೊಂದು, ಪೊಲೀಸ್ ಠಾಣೆಗೊಂದು. ಒಬ್ಬ ವೈದ್ಯನಾಗಿ, ಇನ್ನೊಬ್ಬ ರೋಗಿಯಾಗಿ ಆಡಿ ನೋಡಲಿ. ಪುಸ್ತಕ ಮುಚ್ಚಿ ಇನ್ನೊಮ್ಮೆ ಆಡಲಿ. ಮನೆಯಲ್ಲಿ ಅದನ್ನೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಲಿ. ತಿಂಗಳಿಗೊಮ್ಮೆ ಯಾರದಾದರೂ ನಿಜವಾದ ಒಪ್ಪಂದ ಪತ್ರವನ್ನು ಹೆಸರು ಅಳಿಸಿ ತಂದು, ಸಾಲು ಸಾಲಾಗಿ ಓದಿ, ಪ್ರತಿ ಸಾಲಿಗೆ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಯಲಿ. ರಮಝಾನಿಗೆ ಮುನ್ನ ಎಂಟು ಭಾನುವಾರಗಳು ಸಿಕ್ಕರೂ ಎಂಟು ಪುಟ ತುಂಬುತ್ತದೆ. ಗಲ್ಫಿನಿಂದ ರಜೆಯಲ್ಲಿ ಊರಿಗೆ ಬಂದವರು ಮದುವೆ ಔತಣಗಳ ನಡುವೆ ಒಂದು ಭಾನುವಾರವನ್ನು ಇದಕ್ಕೆ ಬಿಟ್ಟುಕೊಟ್ಟರೆ, ಅವರು ಅಲ್ಲಿ ಮೊದಲ ವರ್ಷ ಹೇಳಲಾಗದೆ ನುಂಗಿಕೊಂಡ ಮಾತುಗಳನ್ನೇ ಒಂಬತ್ತನೆಯ ಪುಟದಲ್ಲಿ ಬರೆಸಬಹುದು.